ಒಂದು ನಾಯಿಗೆ ಒಂದೇ ಕೈ

ನಮ್ಮ ಭಾಷೆಯಲ್ಲಿ ನಾಯಿಯ ಮೇಲೆ ಇರುವಷ್ಟು ಗಾದೆ ಇನ್ಯಾವ ಪ್ರಾಣಿಯ ಮೇಲೂ ಇರಲಿಕ್ಕಿಲ್ಲ, ಅವುಗಳಲ್ಲಿ ಮರ್ಯಾದೆಯದು ಹುಡುಕಿದರೂ ಸಿಗುವುದಿಲ್ಲ. ಬಾಲ ಡೊಂಕಂತೆ, ಹೊಟ್ಟೆಗೆ ತುಪ್ಪ ಹಿಡಿಸುವುದಿಲ್ಲವಂತೆ, ಬೊಗಳಿದರೆ ದೇವಲೋಕ ಹಾಳಾಗುವುದಿಲ್ಲವಂತೆ. ಇವನ್ನು ಕಟ್ಟಿದವರು ಯಾರೂ ಒಂದು ದಿನವಾದರೂ ನಾಯಿಯ ಜೊತೆ ಕೆಲಸ ಮಾಡಿದವರಲ್ಲ ಎಂದು ನಾನು ಬೇಕಾದರೆ ಬರೆದುಕೊಡುತ್ತೇನೆ. ನಾನು ಮೂವತ್ತೊಂದು ವರ್ಷ ಮಾಡಿದ್ದೇನೆ. ಸಿನಿಮಾಗಳಿಗೆ ನಾಯಿ ಪಳಗಿಸುವುದು ನನ್ನ ಕಸುಬು. ಯೂನಿಟ್ಟಿನವರು ಎದುರಿಗೆ ‘ಮೇಡಂ’ ಎನ್ನುತ್ತಾರೆ, ಬೆನ್ನ ಹಿಂದೆ ‘ನಾಯಿಯಮ್ಮ’ ಎನ್ನುತ್ತಾರೆ. ನನಗೆ ಎರಡನೆಯದೇ ಇಷ್ಟ, ಆದರೆ ಹಾಗಂತ ಅವರ ಮುಂದೆ ಒಪ್ಪಿಕೊಂಡಿಲ್ಲ.

ಮೀಸೆ ನನಗೆ ಸಿಕ್ಕಿದ್ದು ಒಂದು ಗ್ಯಾರೇಜಿನ ಹಿಂದೆ, ಹಳೆಯ ಟೈರಿನೊಳಗೆ. ಅಂಗೈಯಗಲದ ಬೀದಿ ಮರಿ, ಮೂತಿಯ ಎರಡೂ ಕಡೆ ಒರಟು ಕೂದಲು ನೋಡಿ ಆ ಹೆಸರಿಟ್ಟೆ. ಎಂಟು ವರ್ಷದಲ್ಲಿ ಅವನು ಕಲಿಯದ ವಿದ್ಯೆಯಿಲ್ಲ. ಬಾಗಿಲ ಚಿಲಕ ತೆಗೆಯುತ್ತಾನೆ, ಮಡಚಿದ ಕೊಡೆ ತಂದುಕೊಡುತ್ತಾನೆ, ಹೇಳಿದ ಕಾಲಲ್ಲೇ ಕುಂಟುತ್ತಾನೆ. ಸತ್ತಂತೆ ಮಲಗಿದನೆಂದರೆ ಮೂಗಿನ ಮೇಲೆ ನೊಣ ಕೂತರೂ ಕಿವಿ ಅಲುಗುವುದಿಲ್ಲ. ಅವನಿಗಿಂತ ಹೆಚ್ಚು ಟೇಕ್ ತೆಗೆದುಕೊಂಡ ಒಬ್ಬ ನಾಯಕನಟರು ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಬಿಡಲಿ ಎಂದು ನಾನೂ ಸುಮ್ಮನಿದ್ದೆ.

ಇಷ್ಟೆಲ್ಲ ಆಗಿದ್ದು ಒಂದು ಕಟ್ಟಳೆಯಿಂದ. ನನಗೆ ಕಸುಬು ಕಲಿಸಿದ ಸೋದರಮಾವ ಹೇಳುತ್ತಿದ್ದ ಮಾತು: ಒಂದು ನಾಯಿಗೆ ಒಂದೇ ಕೈ. ಪಳಗಿಸುವವರನ್ನು ಬಿಟ್ಟು ಬೇರೆಯವರು ಅದನ್ನು ಮುಟ್ಟಬಾರದು, ಮಾತಾಡಿಸಬಾರದು, ತಿನ್ನಿಸಬಾರದು. ಹತ್ತು ಜನ ಮುದ್ದು ಮಾಡಿದ ನಾಯಿ ಹತ್ತು ಕಡೆ ನೋಡುತ್ತದೆ, ಕೆಲಸ ಕೆಡುತ್ತದೆ. ಈ ವಿಷಯದಲ್ಲಿ ನಾನು ದೊಡ್ಡವರು ಚಿಕ್ಕವರು ಎಂದು ನೋಡಿದವಳಲ್ಲ. ಒಮ್ಮೆ ಮೀಸೆಯ ತಲೆ ಸವರಲು ಬಂದ ನಿರ್ಮಾಪಕರ ಹೆಂಡತಿಯ ಕೈಯನ್ನೇ ಹಿಡಿದು ಪಕ್ಕಕ್ಕೆ ಇಟ್ಟಿದ್ದೇನೆ.

ಹೀಗಿರುವಾಗ ಬಂತು ಈ ಸಿನಿಮಾ. ಒಂದು ಮಗು, ಒಂದು ಬುದ್ಧಿವಂತ ನಾಯಿ, ಇಬ್ಬರ ಸ್ನೇಹ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವಂಥದ್ದು. ಮಗುವಿನ ಪಾತ್ರಕ್ಕೆ ನಿರ್ದೇಶಕರು ನೂರಾರು ಮಕ್ಕಳನ್ನು ಕುಣಿಸಿ, ಹಾಡಿಸಿ, ಕೊನೆಗೆ ಆರಿಸಿದ್ದು ನಮ್ಮ ಬಟ್ಟೆ ವಿಭಾಗದ ಟೈಲರಮ್ಮನ ಮಗಳನ್ನು. ಒಂಬತ್ತು ವರ್ಷ. ತಾಯಿಯ ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿ ಹಾಕುತ್ತಿದ್ದವಳು, ಕರೆದಾಗ ಸೂಜಿಯನ್ನು ಜೋಪಾನವಾಗಿ ದಾರದ ಉಂಡೆಗೆ ಸಿಕ್ಕಿಸಿ ಆಮೇಲೆ ಎದ್ದಳಂತೆ. ಅದನ್ನು ನೋಡಿಯೇ ನಿರ್ದೇಶಕರು ಒಪ್ಪಿದ್ದು. ಮಾತು ಕಡಿಮೆ, ಹೆಜ್ಜೆ ಸಪ್ಪಳವಿಲ್ಲ. ಮೇಕಪ್ಪಿನವರು ಅವಳಿಗೆ ‘ಇಲಿಮರಿ’ ಎಂದು ಹೆಸರಿಟ್ಟರು, ಅದೇ ನಿಂತಿತು.

ಮೊದಲ ದಿನವೇ ಇಲಿಮರಿ ತನ್ನ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಮೀಸೆಯ ಮುಂದೆ ಹಿಡಿದಳು. ನಾನು ಇಡೀ ಸೆಟ್ಟಿಗೆ ಕೇಳುವ ಹಾಗೆ ಗದರಿದೆ. ಮುಟ್ಟಬೇಡ, ಮಾತಾಡಿಸಬೇಡ, ತಿನ್ನಿಸಬೇಡ ಎಂದು ಮೂರು ಬೆರಳು ಎಣಿಸಿ ಹೇಳಿದೆ. ಅವಳು ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡು ತಲೆಯಾಡಿಸಿದಳು. ಅವಳು ಅಳಲಿಲ್ಲ, ಆದರೆ ಅವಳ ತಾಯಿ ಅಂದಿನಿಂದ ನನ್ನನ್ನು ಕಂಡರೆ ಮುಖ ಊದಿಸಿಕೊಂಡು ಬಟ್ಟೆಯ ರಾಶಿಯ ಹಿಂದೆ ಹೋಗುತ್ತಿದ್ದರು.

ಇಪ್ಪತ್ತೆರಡು ದಿನ ಕೆಲಸ ನೀರು ಕುಡಿದಷ್ಟು ಸುಲಭವಾಗಿ ಸಾಗಿತು. ಓಡುವುದು, ಜಿಗಿಯುವುದು, ಚಿಲಕ ತೆಗೆಯುವುದು, ಎಲ್ಲವೂ ದೂರದ ಶಾಟ್. ಇಪ್ಪತ್ತಮೂರನೆಯ ದಿನ ಬಂತು ಕೊನೆಯ ದೃಶ್ಯ. ಕಥೆಯಲ್ಲಿ ಹುಡುಗಿಯ ನಾಯಿ ಕಳೆದುಹೋಗಿ, ಒಬ್ಬ ಸಾಹುಕಾರ ಅದನ್ನು ಒಂದು ವರ್ಷ ಸಾಕಿರುತ್ತಾನೆ. ಈಗ ಗೋದಾಮಿನ ಅಂಗಳದಲ್ಲಿ ಅವನೊಂದು ಕಡೆ, ಹುಡುಗಿಯೊಂದು ಕಡೆ, ನಡುವೆ ನಾಯಿ. ಸಾಹುಕಾರ ಕರೆಯುತ್ತಾನೆ. ಹುಡುಗಿಗೆ ಕರೆಯುವುದಕ್ಕೇ ಆಗುವುದಿಲ್ಲ. ನಾಯಿ ಇಬ್ಬರನ್ನೂ ನೋಡಿ ಹುಡುಗಿಯ ಹತ್ತಿರ ಹೋಗಬೇಕು, ಕ್ಯಾಮೆರಾ ಅದರ ಕಣ್ಣನ್ನು ಹತ್ತಿರದಿಂದ ಹಿಡಿಯಬೇಕು. ಇಡೀ ಸಿನಿಮಾ ನಿಂತಿದ್ದು ಆ ನೋಟದ ಮೇಲೆ.

ಮೀಸೆ ಮೊದಲ ಟೇಕಿನಲ್ಲೇ ಗೆರೆ ಎಳೆದ ಹಾಗೆ ಅವಳ ಹತ್ತಿರ ಹೋದ. ನಾನು ಬೀಗುತ್ತಾ ನಿಂತಿದ್ದೆ. ಕ್ಯಾಮೆರಾದವರು ನನ್ನನ್ನು ಮಾನಿಟರಿನ ಮುಂದೆ ಕರೆದು ತೋರಿಸಿದರು.

“ಹೋಗ್ತಿರೋದು ಮಗು ಹತ್ರ, ಮೇಡಂ. ನೋಡ್ತಿರೋದು ನಿಮ್ಮನ್ನ.”

ನಿಜವೇ. ಅವನ ಕಣ್ಣು ಕ್ಯಾಮೆರಾದ ಪಕ್ಕದಲ್ಲಿದ್ದ ನನ್ನ ಕೈಯ ಮೇಲಿತ್ತು. ಸರಿ, ಹುಡುಗಿಯ ಹಿಂದಿನ ಪೀಪಾಯಿಯ ಮರೆಯಲ್ಲಿ ಕೂತೆ. ಅವನು ಹುಡುಗಿಯನ್ನು ದಾಟಿ ಬಂದು ಪೀಪಾಯಿ ನೆಕ್ಕಿದ. ಗೋದಾಮಿನ ಮಾಡು ಹತ್ತಿದೆ. ಅವನು ಆಕಾಶ ನೋಡುತ್ತಾ ನಡೆದು ಹುಡುಗಿಗೆ ಡಿಕ್ಕಿ ಹೊಡೆದ. ಗೇಟಿನ ಹೊರಗೆ ಹೋಗಿ ನಿಂತೆ. ಅವನು ಸೀದಾ ಗೇಟಿನ ಹತ್ತಿರ ಬಂದು, ಮುಂಗಾಲಿನಿಂದ ತಗಡು ಕೆರೆಯತೊಡಗಿದ. ಹನ್ನೊಂದು ಟೇಕ್ ಆದವು. ಲೈಟಿನವರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಿರ್ಮಾಪಕರು ಬಂದು ನೋಡಿದರು. ಅವರು ಕೂಗಾಡುವ ಮನುಷ್ಯನಲ್ಲ, ಅದೇ ತೊಂದರೆ. ಸಂಜೆಯೊಳಗೆ ಈ ದೃಶ್ಯ ಬಾರದಿದ್ದರೆ ಬೆಳಗ್ಗೆ ಬೇರೆ ನಾಯಿ ಬರುತ್ತದೆ, ನೀಲಿ ಕಣ್ಣಿನ ವಿದೇಶಿ ತಳಿ, ಫೋನಿನಲ್ಲಿ ಮಾತಾಗಿದೆ, ಮೀಸೆಯ ಇಪ್ಪತ್ತೆರಡು ದಿನದ ಕೆಲಸವನ್ನೆಲ್ಲ ತೆಗೆದುಹಾಕಿ ಮೊದಲಿನಿಂದ ಶುರು ಮಾಡುತ್ತೇವೆ ಎಂದು ಮೆಲುದನಿಯಲ್ಲಿ ಹೇಳಿ ಹೋದರು. ಮೀಸೆಯ ಮೀಸೆ ಆಗಲೇ ನರೆತಿತ್ತು. ಅವನ ವಯಸ್ಸಿಗೆ ಇನ್ನೊಂದು ಸಿನಿಮಾ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಕೊನೆಯ ಸಿನಿಮಾದಿಂದ ಅವನನ್ನು ಹೀಗೆ ಗುಡಿಸಿಹಾಕಲು ಹೊರಟಿದ್ದರು. ಎಂದಿನಂತೆ ಅವನನ್ನು ವ್ಯಾನಿನಲ್ಲಿ ಬಿಟ್ಟು ಊಟಕ್ಕೆ ಹೋದೆ. ತಟ್ಟೆ ಹಾಗೇ ಬಿಟ್ಟು ಎದ್ದೆ.

ವ್ಯಾನು ಗೋದಾಮಿನ ಹಿಂಬದಿಯಲ್ಲಿ ನಿಂತಿತ್ತು. ಅದರ ಹಿಂಬಾಗಿಲಿಗೆ ತಂತಿಬಲೆ ಹಾಕಿಸಿದ್ದೇನೆ. ಬಲೆಯ ಹೊರಗೆ, ಮೆಟ್ಟಿಲ ಮೇಲೆ, ಇಲಿಮರಿ ಬಲೆಗೆ ಬೆನ್ನು ಕೊಟ್ಟು ಕೂತು ಶಾಲೆಯ ಪುಸ್ತಕ ಓದುತ್ತಿದ್ದಳು. ಬಲೆಯ ಒಳಗೆ ಮೀಸೆ, ಅವಳ ಬೆನ್ನಿಗೆ ಬೆನ್ನು ಒತ್ತಿಕೊಂಡು, ನಾಲಗೆಯ ತುದಿ ಹೊರಗೆ ಬಿಟ್ಟು ನಿದ್ದೆ ಹೋಗಿದ್ದ. ನನ್ನ ಮನೆಯಲ್ಲೂ ಅವನು ಅಷ್ಟು ಮೈಮರೆತು ಮಲಗಿದ್ದನ್ನು ನಾನು ಕಂಡಿಲ್ಲ. ಎಷ್ಟು ದಿನದಿಂದ ನಡೆಯುತ್ತಿದೆ ಇದು ಎಂದು ಕೇಳಿದೆ. ಅವಳು ಗಡಬಡಿಸಿ ಎದ್ದಳು, ಮೊದಲ ದಿನದಿಂದ ಎಂದಳು. ನನ್ನ ದನಿ ಏರಿತು. ಏನು ಹೇಳಿದ್ದೆ ನಿನಗೆ ಎಂದೆ.

“ಮುಟ್ಟಬೇಡ ಅಂದ್ರಿ, ಮಾತಾಡಿಸಬೇಡ ಅಂದ್ರಿ, ತಿನ್ನಿಸಬೇಡ ಅಂದ್ರಿ. ಪಕ್ಕದಲ್ಲಿ ಕೂತ್ಕೋಬೇಡ ಅಂತ ಹೇಳಿರಲಿಲ್ಲ, ದೊಡ್ಡಮ್ಮ.”

ಅಷ್ಟು ಉದ್ದದ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಸ್ನೇಹದ ಸಿನಿಮಾ ಮಾಡಲು ಬಂದು ಸ್ನೇಹಕ್ಕೇ ಬೀಗ ಹಾಕಿ ಕೂತಿದ್ದೆ ನಾನು, ಮೂವತ್ತೊಂದು ವರ್ಷದ ಅನುಭವದವಳು! ನನಗೆ ನಾಚಿಕೆಯಾಯಿತು. ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೆ. ಮುಂದೇನು ಮಾಡುವುದೆಂದು ದೊಡ್ಡವರನ್ನು ಕೇಳುವ ಹಾಗೆ ಅವಳನ್ನೇ ಕೇಳಿದೆ.

“ನೀವು ಬಚ್ಚಿಟ್ಕೊಂಡ್ರೆ ಅವನು ಹುಡುಕ್ತಾನೆ. ಎದುರಿಗೇ ನಿಂತ್ಕೊಳ್ಳಿ,” ಎಂದಳು ಅವಳು. ಪುಸ್ತಕದ ಅಂಚು ಮಡಚಿ ಬಿಚ್ಚಿ, “ಸಾಹುಕಾರರ ಜಾಗದಲ್ಲಿ,” ಎಂದು ಸೇರಿಸಿದಳು.

ನಿರ್ದೇಶಕರು ಕೇಳಿ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಗಡಿಯಾರ ನೋಡಿದರು. ಸಾಹುಕಾರನ ಪಾತ್ರದವರು ಆರಡಿ ಆಳು. ಅವರ ಕೋಟು ನನ್ನ ಮೊಣಕಾಲು ದಾಟಿತು. ನನ್ನನ್ನು ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದರು. ಒಂದು ಕ್ಯಾಮೆರಾ ನನ್ನ ಹೆಗಲ ಹಿಂದೆ, ಇನ್ನೊಂದು ಹುಡುಗಿಯ ಎದುರು. ಕೋಟನ್ನು ಬೆನ್ನಿನಲ್ಲಿ ಬಿಗಿ ಮಾಡಿ ಪಿನ್ನು ಹಾಕಿದ್ದು ಟೈಲರಮ್ಮ. ಒಂದು ಪಿನ್ನು ನನಗೇ ಚುಚ್ಚಿತು. ಅದು ಬೇಕಂತಲೇ ಎಂದು ನನಗೆ ಇಂದಿಗೂ ಗುಮಾನಿ.

ನಿರ್ದೇಶಕರು ಹತ್ತಿರ ಬಂದು ಪಿಸುಗುಟ್ಟಿದರು: ಬಾಯಲ್ಲಿ ಕರೆಯಿರಿ, ಸಾಹುಕಾರನ ದನಿ ಆಮೇಲೆ ಸೇರಿಸುತ್ತೇವೆ, ಕೈಯಲ್ಲಿ ಮಾತ್ರ ಹೋಗು ಎಂದು ಸನ್ನೆ ಕೊಡಿ. ನಾನು ಒಪ್ಪಲಿಲ್ಲ. ಸನ್ನೆ ಕೊಟ್ಟರೆ ಅವನ ಕಣ್ಣಲ್ಲಿ ಮತ್ತೆ ಅದೇ ಬರುತ್ತದೆ, ಅಪ್ಪಣೆ ಪಾಲಿಸುವ ಕಣ್ಣು. ಕರೆದರೆ ನಿಜವಾಗಿಯೇ ಕರೆಯಬೇಕು. ಎಂಟು ವರ್ಷದಲ್ಲಿ ನನ್ನ ‘ಬಾ’ ಎನ್ನುವ ಮಾತನ್ನು ಅವನು ಒಂದು ಸಲವೂ ಮೀರಿರಲಿಲ್ಲ. ಊಟದ ತಟ್ಟೆ ಬಿಟ್ಟು ಬಂದಿದ್ದಾನೆ, ಬೆಂಕಿಯ ಬಳೆಯೊಳಗಿಂದ ಹಾರಿ ಬಂದಿದ್ದಾನೆ. ಈಗ ಅವನು ಬಂದರೆ ಸಿನಿಮಾದಿಂದ ಹೋದ ಹಾಗೇ. ಬಾರದಿದ್ದರೆ ಎಂಟು ವರ್ಷ ನನ್ನದೊಬ್ಬಳದೇ ಆಗಿದ್ದ ನಾಯಿ ಇನ್ನು ಹಾಗಿರುವುದಿಲ್ಲ.

ಬಿಸಿಲು ಗೋದಾಮಿನ ಗೋಡೆ ಹತ್ತಿತ್ತು. ಇನ್ನೊಂದು ಟೇಕಿಗೆ ಬೆಳಕು ಸಾಲುವುದಿಲ್ಲ ಎಂದರು ಕ್ಯಾಮೆರಾದವರು. ಮೀಸೆ ನಡುವೆ ಕೂತಿದ್ದ.

“ಮೀಸೆ, ಬಾ,” ಎಂದೆ, ಮನಸ್ಸಿಟ್ಟು.

ಅವನು ತಕ್ಷಣ ಎದ್ದು ನನ್ನ ಕಡೆ ನಾಲ್ಕು ಹೆಜ್ಜೆ ಹಾಕಿದ. ಮುಗಿಯಿತು ಎಂದುಕೊಂಡೆ. ಆಗ ಇಲಿಮರಿ ಯಾರೂ ಹೇಳಿಕೊಡದ ಕೆಲಸವೊಂದನ್ನು ಮಾಡಿದಳು. ನಿಂತಿದ್ದವಳು ನಮಗೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತುಬಿಟ್ಟಳು. ದೃಶ್ಯ ಕೆಟ್ಟಿತೆಂದು ನಿರ್ದೇಶಕರು ಕಟ್ ಹೇಳಲು ಕೈಯೆತ್ತಿದರು, ಕ್ಯಾಮೆರಾದವರು ಆ ಕೈಯನ್ನು ಹಿಡಿದುಕೊಂಡರು.

ಮೀಸೆ ನಿಂತ. ತಿರುಗಿ ಆ ಪುಟ್ಟ ಬೆನ್ನನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ನಾನು ಇನ್ನೊಮ್ಮೆ “ಬಾ” ಎಂದೆ. ಅವನ ಕಣ್ಣಿನಲ್ಲಿ ನಾನು ಯಾವತ್ತೂ ಕಾಣದ್ದು ಕಂಡಿತು. ಅವನು ನನ್ನ ಅಪ್ಪಣೆಗೆ ಕಾಯುತ್ತಿರಲಿಲ್ಲ, ಯೋಚನೆ ಮಾಡುತ್ತಿದ್ದ. ಆಮೇಲೆ ನನ್ನ ಕಡೆ ಬೆನ್ನು ಮಾಡಿ, ಓಡದೆ, ನಿಧಾನವಾಗಿ ನಡೆದುಹೋಗಿ, ಅವಳ ಬೆನ್ನಿಗೆ ಬೆನ್ನು ಒತ್ತಿ ಕೂತ. ಇಲಿಮರಿ ಅವನಿಗೆ ಒರಗಿದಳು. ಅವನು ಕತ್ತು ಹೊರಳಿಸಿ ನರೆತ ಮೂತಿಯನ್ನು ಅವಳ ಹೆಗಲ ಮೇಲಿಟ್ಟು ಕಣ್ಣು ಮುಚ್ಚಿದ. ಅವಳು ಕೈಯನ್ನು ಹಿಂದಕ್ಕೆ ಚಾಚಿ ಅವನ ಕಿವಿ ಹಿಡಿದುಕೊಂಡಳು.

ಬೆಳಗಿನಿಂದ ನಗುತ್ತಿದ್ದ ಲೈಟಿನವರು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಯಾರೋ ಒಬ್ಬರು ಶಿಳ್ಳೆ ಹಾಕಿದರು, ಅಷ್ಟೇ ಸಾಕಾಯಿತು. ಶಿಳ್ಳೆ, ಚಪ್ಪಾಳೆ, ತಗಡು ಬಡಿಯುವ ಸದ್ದು, ಗೋದಾಮಿನ ಮಾಡಿನಿಂದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಟೈಲರಮ್ಮ ಕತ್ತಿಗೆ ಟೇಪು ಹಾಕಿಕೊಂಡೇ ಓಡಿಹೋಗಿ ಮಗಳನ್ನೂ ನಾಯಿಯನ್ನೂ ಒಟ್ಟಿಗೆ ತಬ್ಬಿಕೊಂಡರು. ನಾನು ತಡೆಯಲಿಲ್ಲ. ನಿರ್ಮಾಪಕರು ಫೋನು ತೆಗೆದು, ನಾಳೆ ನಿಮ್ಮ ನಾಯಿ ಬೇಡ, ನಮ್ಮ ನಾಯಿ ಇದೆ ಎಂದರು. ಆ ಮನುಷ್ಯನ ದನಿ ಏರಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಗದ್ದಲದ ನಡುವೆ ಮೀಸೆ ಅವರಿಂದ ಬಿಡಿಸಿಕೊಂಡು ನನ್ನ ಹತ್ತಿರ ಬಂದ. ಬಾಲ ಕಾಲಿನ ನಡುವೆ, ಹೊಟ್ಟೆ ನೆಲಕ್ಕೆ, ಕಣ್ಣು ಮೇಲೆತ್ತುತ್ತಿಲ್ಲ. ಮಾತು ಮೀರಿದ್ದು ಅವನಿಗೆ ಗೊತ್ತಿತ್ತು, ಬೈಗುಳಕ್ಕೆ ತಯಾರಾಗಿ ಬಂದಿದ್ದ. ನಾನು ಪೆಟ್ಟಿಗೆಯಿಂದ ಇಳಿದು, ಪಿನ್ನುಗಳ ಸಮೇತ ಮಣ್ಣಿನಲ್ಲಿ ಕೂತು, ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆ. ಭೇಷ್ ಮಗನೇ, ಭೇಷ್ ಎಂದೆ. ಮೂವತ್ತೊಂದು ವರ್ಷದಲ್ಲಿ ಹೇಳಿದ ಮಾತು ಕೇಳದ ನಾಯಿಯೊಂದನ್ನು ನಾನು ಹೊಗಳಿದ್ದು ಅದೇ ಮೊದಲು. ಅಳು ಬಂತು, ಹೆಮ್ಮೆಯಿಂದ ಬಂದದ್ದು, ಅತ್ತೆ. ಅವನು ಬಾಲ ಎತ್ತಿ ನನ್ನ ಕೆನ್ನೆ ನೆಕ್ಕಿದ.

“ಹೋಗೋ,” ಎಂದೆ, “ಅವಳ ಹತ್ರ ಹೋಗು.”

ಅವನು ಹೋದ, ಓಡಿಕೊಂಡೇ ಹೋದ, ಒಮ್ಮೆಯೂ ತಿರುಗಿ ನನ್ನ ಕೈಯನ್ನು ನೋಡಲಿಲ್ಲ.