ಹೋಲಿಕೆಗೆ ಬಂದವಳು

"ಒಂದು ವಿಷಯ ಕೇಳ್ಬೇಕಿತ್ತು ಅಕ್ಕಾ," ಎಂದು ಡಾಕ್ಟರ್ ಇಬ್ತಿಸಾಮ್ ಮೂರನೆಯ ದಿನವೂ ಹೇಳಿ, ಅಂದೂ ರೊಟ್ಟಿಯನ್ನಷ್ಟೇ ಕೇಳಿದಳು.

ಮಬ್ರೂಕಾ ಕಾವಲಿಯ ಮೇಲಿನ ಮ್ಲಾವಿ ರೊಟ್ಟಿಯನ್ನು ಮಗುಚಿ, ಹರೀಸಾ ಖಾರ ಸವರಿ, ಕಾಗದದಲ್ಲಿ ಸುತ್ತಿದಳು. ಸ್ಫಾಕ್ಸ್ ನಗರದ ಆಸ್ಪತ್ರೆ ಗೇಟಿನೆದುರು ಹನ್ನೊಂದು ವರ್ಷದಿಂದ ರೊಟ್ಟಿ ಬೇಯಿಸುತ್ತಿದ್ದವಳಿಗೆ ಡಾಕ್ಟರುಗಳ ಸಂಕೋಚ ಹೊಸದು.

"ಕೇಳು ಮಗಳೇ, ರೊಟ್ಟಿ ಆರಿಹೋಗುತ್ತೆ."

"ನನ್ನ ಸಂಶೋಧನೆಗೆ ಹೆಂಗಸರ ರಕ್ತ ಬೇಕು. ಥೈರಾಯ್ಡ್ ಕ್ಯಾನ್ಸರ್ ಇರೋರದ್ದು ಸಿಕ್ಕಿದೆ. ಹೋಲಿಸಿ ನೋಡೋಕೆ ಕಾಯಿಲೆ ಇಲ್ಲದೋರೂ ಬೇಕು. ಅಂದ್ರೆ... ಸ್ವಲ್ಪ ಮೈಕೈ ತುಂಬಿರೋರು..."

"ದಪ್ಪಗಿರೋರು ಅನ್ನು. ಇಷ್ಟಕ್ಕೆ ಮೂರು ದಿನ ತಿಣುಕಿದ್ಯಾ? ನಾನು ಗಾಳಿಗೆ ಹಾರಿಹೋಗ್ತೀನಿ ಅಂತ ಈ ಬೀದೀಲಿ ಯಾರೂ ಹೆದರಿಲ್ಲ."

ಡಾಕ್ಟರಮ್ಮನೂ ನಕ್ಕಳು. ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಅದೂ ರಕ್ತಕ್ಕೆ ಹಾರ್ಮೋನು ಬಿಡುತ್ತದೆ. ಲೆಪ್ಟಿನ್ ಎಂಬುದು ಮೈ ಬಂದಷ್ಟೂ ಹೆಚ್ಚುತ್ತದೆ, ಅಡಿಪೊನೆಕ್ಟಿನ್ ಎಂಬುದು ಇಳಿಯುತ್ತದೆ. ಕ್ಯಾನ್ಸರ್ ಬಂದವರಲ್ಲಿ ಅವೆರಡೂ ಹೇಗಿವೆ ಎಂದು ನೋಡುತ್ತಿದ್ದೇನೆ ಎಂದಳು.

ಸಂಜೆ ಇದನ್ನು ಕೇಳಿ ನಾದಿನಿ ಸಾಸಿಯಾ ಸೊಂಟದ ಮೇಲೆ ಕೈಯಿಟ್ಟಳು. "ನಿನ್ನ ಕೊಬ್ಬಿನ ಮೇಲೂ ಪುಸ್ತಕ ಬರೀತಾರಾ ಅತ್ತಿಗೆ? ದಪ್ಪ ಪುಸ್ತಕವೇ ಆಗುತ್ತೆ ಬಿಡು." ಸಾಸಿಯಾಳೇನೂ ಬಳ್ಳಿಯ ಹಾಗಿರಲಿಲ್ಲ.

ಮಂಗಳವಾರ ಮಬ್ರೂಕಾ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟಳು. ಹೋಲಿಕೆಗೆ ಬಂದವರಿಗೆ ನಿಜಕ್ಕೂ ಕಾಯಿಲೆ ಇಲ್ಲವೆಂದು ಖಾತ್ರಿಯಾಗಬೇಕಿತ್ತು. ಹಾಗಾಗಿ ಕತ್ತಿಗೆ ತಣ್ಣನೆಯ ಅಂಟು ಹಚ್ಚಿ ಸ್ಕ್ಯಾನ್ ಮಾಡಿದರು. ಮಬ್ರೂಕಾಳ ಮಗಳ ಮದುವೆಯ ಬಗ್ಗೆ ಕೇಳುತ್ತಿದ್ದ ಇಬ್ತಿಸಾಮ್ ಮಾತನ್ನು ಅರ್ಧಕ್ಕೇ ಬಿಟ್ಟಳು. ಪರದೆಯನ್ನೇ ನೋಡಿದಳು. ಹಿರಿಯ ಡಾಕ್ಟರನ್ನು ಕರೆದಳು. ಎರಡು ದಿನದ ಮೇಲೆ ಸೂಜಿ ಹಾಕಿ ಒಳಗಿನ ಗಂಟಿನಿಂದ ಚೂರು ತೆಗೆದರು.

ಫಲಿತಾಂಶ ತಿಳಿಸಲು ಇಬ್ತಿಸಾಮಳೇ ರೊಟ್ಟಿ ಅಂಗಡಿಗೆ ಬಂದಳು, ಬೆಂಕಿ ಹೊತ್ತಿಸುವುದಕ್ಕೂ ಮೊದಲು. ಎಣ್ಣೆ ಡಬ್ಬ ಬೋರಲು ಹಾಕಿಕೊಂಡು ಕೂತಳು.

"ನಿಮ್ಮನ್ನ ಆರೋಗ್ಯವಂತರ ಪಟ್ಟಿಯಿಂದ ತೆಗೀಬೇಕಾಗಿದೆ ಅಕ್ಕಾ."

"ಯಾಕೆ, ಇನ್ನೂ ದಪ್ಪಗಿರೋರು ಸಿಕ್ಕಿದ್ರಾ?" ಎಂದ ಮಬ್ರೂಕಾ ಅವಳ ಮುಖ ನೋಡಿ ಹಿಟ್ಟಿನ ಬೋಗುಣಿಯನ್ನು ಕೆಳಗಿಟ್ಟಳು.

ಕ್ಯಾನ್ಸರ್ ಗಂಟೇ, ಆದರೆ ಚಿಕ್ಕದು, ಹರಡಿಲ್ಲ, ಕತ್ತರಿಸಿ ತೆಗೆದರೆ ಗುಣವಾಗುವಂಥದ್ದು ಎಂದು ಇಬ್ತಿಸಾಮ್ ಎರಡು ಸಲ ಬಿಡಿಸಿ ಹೇಳಿದಳು. ಸಾಸಿಯಾ ಮಾತ್ರ ಸುದ್ದಿ ಕೇಳಿದ ಗಾಬರಿಯಲ್ಲಿ, "ತಿಂದು ತಿಂದು ತಂದುಕೊಂಡೆಯಲ್ಲ ಅತ್ತಿಗೆ," ಎಂದುಬಿಟ್ಟಳು. ಅಂದವಳೇ ಅತ್ತಳು. ಆದರೆ ಮಾತು ಮಬ್ರೂಕಾಳ ಎದೆಯಲ್ಲಿ ಕೂತುಬಿಟ್ಟಿತು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ವಾರ್ಡಿಗೆ ಬಂದ ಇಬ್ತಿಸಾಮಳ ಕೈ ಹಿಡಿದು ಮಬ್ರೂಕಾ ಕೇಳಿದಳು. "ನಿಜ ಹೇಳು. ನನ್ನ ಮೈಯೇ ಇದನ್ನ ತಂತಾ?"

"ಗೊತ್ತಿಲ್ಲ ಅಕ್ಕಾ. ದಪ್ಪಗಿರೋರಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತೆ, ಸುಳ್ಳು ಹೇಳಲ್ಲ. ಆದ್ರೆ ಆ ಹಾರ್ಮೋನುಗಳೇ ತರ್ತಾವಾ, ಬರೀ ಜೊತೆಗಿರ್ತಾವಾ, ಇನ್ನೂ ಖಚಿತವಾಗಿಲ್ಲ. ಗೊತ್ತಿದ್ರೆ ನಿಮ್ಮ ಹತ್ರ ರಕ್ತ ಯಾಕೆ ಕೇಳ್ತಿದ್ದೆ? ತೆಳ್ಳಗಿರೋರಿಗೂ ಬರುತ್ತೆ."

ಪಕ್ಕದ ಹಾಸಿಗೆಯಲ್ಲಿ ಅದೇ ಆಪರೇಷನ್ ಆದ ಹೆಂಗಸು ಮಲಗಿದ್ದಳು. ಹೊದಿಕೆಯ ಕೆಳಗೆ ಅವಳಿದ್ದಾಳೋ ಇಲ್ಲವೋ ಎಂಬಷ್ಟು ಸಣಕಲು. ಮಬ್ರೂಕಾ ಅವಳನ್ನೇ ನೋಡುತ್ತ ಕೂತಳು. ತನ್ನ ಮೈಯ ಬಗ್ಗೆ ಹುಟ್ಟಿದಾಗಿನಿಂದ ಎಲ್ಲರೂ ಗೊತ್ತು ಗೊತ್ತು ಅಂದವರೇ. ಗೊತ್ತಿಲ್ಲ ಅಂದವಳು ಈ ಡಾಕ್ಟರೊಬ್ಬಳೇ, ಅದೂ ಅಷ್ಟು ಓದಿದವಳು. ಅಂದು ಮಧ್ಯಾಹ್ನ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಆಪರೇಷನ್ ಆದಮೇಲೆ ಎರಡು ವಾರ ದನಿ ಗೊಗ್ಗರಾಗಿತ್ತು, ಆಮೇಲೆ ಸರಿಹೋಯಿತು. ದಿನಾ ಬೆಳಿಗ್ಗೆ ಒಂದು ಮಾತ್ರೆ, ಅದೂ ಬದುಕಿರುವವರೆಗೆ. ಇನ್ನೆರಡು ವರ್ಷ ಬಿಟ್ಟು ಬಂದಿದ್ದರೆ ಕಷ್ಟವಾಗಬಹುದಿತ್ತು ಎಂದರು ಸರ್ಜನ್. ಮಬ್ರೂಕಾ ನೆಟ್ಟಗೆ ಪ್ರಯೋಗಾಲಯಕ್ಕೆ ನಡೆದಳು. ಉಪಕಾರ ನೆನೆಯಲು ಹೋದವಳು ಇಬ್ತಿಸಾಮಳ ಮೇಜಿನ ಮೇಲಿದ್ದ ಪಟ್ಟಿಯತ್ತ ಬೆರಳು ಮಾಡಿದಳು.

"ಇದ್ರಲ್ಲಿ ನಾನು ಕಮ್ಮಿ ಆದ್ನಲ್ಲ," ಎಂದಳು. "ಎಷ್ಟು ಜನ ಬೇಕು ಇನ್ನೂ?"

"ಒಂಬತ್ತು. ಯಾರೂ ಒಪ್ತಿಲ್ಲ ಅಕ್ಕಾ. ಹೇಗೆ ಕೇಳೋದು ಅಂತಲೇ ಗೊತ್ತಾಗಲ್ಲ."

"ನಿನಗೆ ಕೇಳೋಕೆ ಬರಲ್ಲ, ಅಷ್ಟೇ."

ಮುಂದಿನ ಮಂಗಳವಾರ ಇಬ್ತಿಸಾಮ್ ಬಂದಾಗ ಪ್ರಯೋಗಾಲಯದ ಮುಂದಿನ ಬೆಂಚುಗಳು ತುಂಬಿದ್ದವು. ಮಬ್ರೂಕಾಳ ಬೀದಿಯ ಹೆಂಗಸರು ಹನ್ನೊಂದು ಜನ, ಎಲ್ಲರೂ ಖಾಲಿ ಹೊಟ್ಟೆಯಲ್ಲಿ, ಕಾಫಿ ಇಲ್ಲದ್ದಕ್ಕೆ ಗೊಣಗುತ್ತ, ಒಬ್ಬರ ಮೈಗೊಬ್ಬರು ತಾಗಿಕೊಂಡು ಕೂತಿದ್ದರು. ತುದಿಯಲ್ಲಿದ್ದ ಸಾಸಿಯಾ ರಕ್ತ ಕೊಡಲು ಆಗಲೇ ತೋಳಿನ ಬಟ್ಟೆ ಮಡಿಸಿಕೊಂಡಿದ್ದಳು.

"ಜರುಗ್ರೇ," ಎಂದಳು ಅವಳು. "ನಮ್ಮತ್ತಿಗೆ ನಿಂತಿದ್ದಾಳೆ."

ಹನ್ನೊಂದು ಜನವೂ ಅಷ್ಟಷ್ಟೇ ಜರುಗಿದರು.