ಸೂಪಿನಲ್ಲಿ ದೇವರ ಕೈವಾಡ

ಸರ್ಕಾರ ಖರ್ಚು ಕಡಿಮೆ ಮಾಡಬೇಕೆಂದು ತೀರ್ಮಾನಿಸಿದಾಗ ಮೊದಲು ಅದರ ಕಣ್ಣಿಗೆ ಬಿದ್ದದ್ದು ಮುದುಕರ ಹೊಟ್ಟೆ. ಎಪ್ಪತ್ತು ದಾಟಿದ, ಮನೆಯಲ್ಲಿ ಒಬ್ಬರೇ ಇರುವ ಗಂಡಸರ ಬಾಗಿಲಿಗೆ ದಿನಾ ಮಧ್ಯಾಹ್ನ ಊಟದ ವ್ಯಾನು ಬರುತ್ತಿತ್ತು. ಒಂಟಿ ಮುದುಕಿಯರು ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಹೆಂಗಸರಿಗೆ ಸಾಯುವ ತನಕ ಅಡುಗೆ ಬರುತ್ತದೆ ಎಂಬುದನ್ನು ಸರ್ಕಾರ ಯಾವ ಸಮಿತಿಯನ್ನೂ ನೇಮಿಸದೆ ಮೊದಲೇ ಕಂಡುಹಿಡಿದಿತ್ತು.

ಈಗ ಹೊಸ ಸುತ್ತೋಲೆ ಬಂತು. ಊಟ ಕೊಟ್ಟರೆ ಮನುಷ್ಯ ಸೋಮಾರಿಯಾಗುತ್ತಾನೆ. ಆದ್ದರಿಂದ ಇನ್ನು ಮುಂದೆ ಊಟದ ಬದಲು ಅಡುಗೆ ಕಲಿಸಲಾಗುವುದು. ಯೋಜನೆಯ ಹೆಸರು ‘ನಿಮ್ಮ ಒಲೆ, ನಿಮ್ಮ ಹೆಮ್ಮೆ’. ನಾಲ್ಕು ವಾರ ತರಬೇತಿ, ಕೊನೆಗೊಂದು ಪರೀಕ್ಷೆ. ಪಾಸಾದವನಿಗೆ ಪ್ರಮಾಣಪತ್ರ ಸಿಗುತ್ತದೆ, ಊಟ ನಿಲ್ಲುತ್ತದೆ. ಫೇಲಾದವನಿಗೆ ಮುಂದಿನ ತರಬೇತಿಯವರೆಗೆ ಊಟ ಮುಂದುವರಿಯುತ್ತದೆ.

ಈ ಸುದ್ದಿಯನ್ನು ತಕ್ಕಡಿ ತಾತನಿಗೆ ಹೇಳಿದವಳು ವ್ಯಾನಿನ ಹೆಂಗಸೇ. ವ್ಯಾನು ಓಡಿಸುವವಳೂ ಅವಳೇ, ಡಬ್ಬಿ ಇಳಿಸುವವಳೂ ಅವಳೇ. ತಾತ ನಲವತ್ತಾರು ವರ್ಷ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದವರು. ಊರಿನಲ್ಲಿ ಅವರ ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದವಳು ಹೆಂಡತಿ ಒಬ್ಬಳೇ. ಅವಳು ತೀರಿಹೋಗಿ ಎಂಟು ತಿಂಗಳಾಗಿತ್ತು. ಮೊದಲ ತಿಂಗಳು ತಾತ ಚಹಾದಲ್ಲಿ ಬ್ರೆಡ್ಡು ಅದ್ದಿಕೊಂಡು ಬದುಕಿದ್ದರು. ಒಲೆ ಹಚ್ಚಲು ಹೋಗಿ ಪರದೆ ಹಚ್ಚಿದ ಮೇಲೆ ಪಕ್ಕದ ಮನೆಯವರು ಅವರ ಹೆಸರನ್ನು ಪಟ್ಟಿಗೆ ಸೇರಿಸಿದರು.

ವ್ಯಾನಿನವಳು ಎಲ್ಲ ಮನೆಗಳಲ್ಲೂ ಡಬ್ಬಿ ಇಟ್ಟು ಹೋಗುವವಳು. ತಾತನ ಮನೆ ಕೊನೆಯದು. ಅಲ್ಲಿ ಮಾತ್ರ ಹತ್ತು ನಿಮಿಷ ಕೂರುತ್ತಿದ್ದಳು. ಆ ಹತ್ತು ನಿಮಿಷ ತಾತ ಹೆಂಡತಿಯ ವಿಷಯ ಮಾತನಾಡುತ್ತಿದ್ದರು. ದಿನದ ಉಳಿದ ಹೊತ್ತೆಲ್ಲ ಆ ಹತ್ತು ನಿಮಿಷಕ್ಕೆ ತಯಾರಿ. ಹೇಳಿದ್ದನ್ನೇ ಹೇಳಿದರೂ ಅವಳು ಮೊದಲ ಸಲ ಕೇಳಿದವಳಂತೆ, “ಹೌದಾ ತಾತ? ಅಜ್ಜಿ ಹಂಗಂದ್ರಾ?” ಎನ್ನುತ್ತಿದ್ದಳು.

“ತಾತ, ಒಂದು ಮಾತು. ನೀವು ಫೇಲಾಗ್ಬೇಕು,” ಎಂದಳು ಅವಳು ಆ ದಿನ.

“ನಾನು ಹುಟ್ಟಿದಾಗಿನಿಂದ ಯಾವುದ್ರಲ್ಲೂ ಫೇಲಾಗಿಲ್ಲ ಕಣಮ್ಮ.”

“ಈಗ ಆಗಿ. ಅದೇನು ಬ್ರಹ್ಮವಿದ್ಯೆನಾ? ಈ ದಾರಿಲಿ ಸರಿಯಾಗಿ ಹತ್ತು ಜನ ಇದ್ದೀರಿ. ಒಬ್ರು ಪಾಸಾದ್ರೂ ಒಂಬತ್ತಾಗುತ್ತೆ. ಹತ್ತಕ್ಕಿಂತ ಕಮ್ಮಿ ಇದ್ರೆ ವ್ಯಾನು ಬರೋ ಹಂಗಿಲ್ಲ. ಮಿಕ್ಕೋರು ಬಸ್ಸು ಹತ್ತಿ ದೊಡ್ಡ ಅಡುಗೆಮನೆ ಹತ್ರ ಹೋಗಿ ನಿಂತ್ಕೋಬೇಕು. ನನ್ನನ್ನ ಅಲ್ಲೇ ಪಾತ್ರೆ ತೊಳೆಯೋಕೆ ಹಾಕ್ತಾರೆ.”

“ಇಲ್ಲಿಗೆ ಬರೋದಿಲ್ವಾ?”

“ತೊಳೆಯೋ ಪಾತ್ರೆ ಬಿಟ್ಟು ಎಲ್ಲಿಗೆ ಬರಲಿ ತಾತ?”

ತಾತ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, “ಹಾಗಾದ್ರೆ ಫೇಲಾಗ್ತೀನಿ ಬಿಡು,” ಎಂದರು.

ತರಬೇತಿ ನಡೆದದ್ದು ಹಳೆಯ ವಾಚನಾಲಯದಲ್ಲಿ. ಹಿಂದಿನ ವರ್ಷದ ಖರ್ಚು ಕಡಿತದಲ್ಲಿ ಅದರ ಬಾಗಿಲು ಹಾಕಿದ್ದರು. ಪತ್ರಿಕೆ ಓದುವ ಉದ್ದ ಮೇಜಿನ ಮೇಲೆ ಆರು ಒಲೆ ಇಟ್ಟಿದ್ದರು, ನಾಲ್ಕು ಉರಿಯುತ್ತಿದ್ದವು. ಗೋಡೆಯ ಮೇಲೆ ‘ಮೌನವಾಗಿರಿ’ ಎಂಬ ಹಲಗೆ ಇನ್ನೂ ಇತ್ತು. ಅದರ ಕೆಳಗೆ ನಿಂತು ತರಬೇತುದಾರ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ, ಏಕೆಂದರೆ ಹತ್ತರಲ್ಲಿ ಆರು ಜನಕ್ಕೆ ಕಿವಿ ಮಂದ.

ತರಬೇತುದಾರ ಒಳ್ಳೆಯ ಮನುಷ್ಯ. ಮೂವತ್ತು ತುಂಬಿರಲಿಲ್ಲ, ಕೆಲಸ ಖಾಯಂ ಆಗಿರಲಿಲ್ಲ. ಅಡುಗೆಯನ್ನು ಅವನು ಇಲಾಖೆಯ ಪುಸ್ತಕದಿಂದ ಕಲಿತಿದ್ದ. ಆ ಪುಸ್ತಕದ ಹನ್ನೆರಡನೆಯ ಪುಟ ಹರಿದುಹೋಗಿದ್ದರಿಂದ ಈರುಳ್ಳಿ ಹೆಚ್ಚಿದ ಮೇಲೆ ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಮಧ್ಯಾಹ್ನವಾದ ಕೂಡಲೇ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ, ತಾಯಿ ಕಟ್ಟಿಕೊಟ್ಟ ಡಬ್ಬಿ ಬಿಚ್ಚುತ್ತಿದ್ದ.

“ಸಾರ್, ಸ್ವಾವಲಂಬನೆಗೆ ಇವತ್ತು ಏನು ಪಲ್ಯ?” ಎಂದು ಕೇಳಿದ ಕ್ಷೌರದ ಮುದುಕ. ಅವನು ತಕ್ಕಡಿ ತಾತನ ಹಳೆಯ ಗೆಳೆಯ. ದೇವರನ್ನು ನಂಬುವವನಲ್ಲ, ಸರ್ಕಾರವನ್ನು ಅದಕ್ಕಿಂತ ಕಡಿಮೆ ನಂಬುವವನು. ಫೇಲಾಗುವ ಕೆಲಸಕ್ಕೆ ಅವನೇ ಮುಖಂಡ. ಯಾರು ಏನನ್ನು ಕೆಡಿಸಬೇಕೆಂದು ಹಂಚಿಕೊಟ್ಟಿದ್ದ. ಒಬ್ಬ ನೀರು ಮರೆಯಬೇಕು, ಇನ್ನೊಬ್ಬ ಸಿಪ್ಪೆ ತೆಗೆಯಬಾರದು, ಬಸ್ಸು ಓಡಿಸುತ್ತಿದ್ದವನು ಒಲೆ ಹಚ್ಚುವುದನ್ನೇ ಮರೆಯಬೇಕು. ತಕ್ಕಡಿ ತಾತನ ಪಾಲಿಗೆ ಬಂದದ್ದು ಉಪ್ಪು.

“ಪೊಟ್ಟಣ ಪೂರ್ತಿ ಬಗ್ಗಿಸಿಬಿಡು. ಅಷ್ಟು ಮಾಡೋಕಾಗಲ್ವೇನಯ್ಯ?”

“ಯಾಕಾಗಲ್ಲ? ಬಗ್ಗಿಸ್ತೀನಿ.”

“ಚಿಟಿಕೆ ಚಿಟಿಕೆಯಾಗಿ ಅಳೀಬೇಡ ಮತ್ತೆ. ನಿನ್ನ ಕೈ ನನಗೆ ಗೊತ್ತು.”

ಪರೀಕ್ಷೆಗೆ ಕೊಟ್ಟದ್ದು ತರಕಾರಿ ಸೂಪು, ಒಲೆ ಸರದಿಯ ಮೇಲೆ. ಒಬ್ಬೊಬ್ಬರಿಗೆ ಎರಡು ಆಲೂಗಡ್ಡೆ, ಒಂದು ಕ್ಯಾರೆಟ್ಟು, ಒಂದು ಈರುಳ್ಳಿ, ಒಂದು ಪೊಟ್ಟಣ ಉಪ್ಪು. ತಾತ ಮೇಜಿನ ಮುಂದೆ ನಿಂತರು. ಚಾಕು ಕೈಗೆ ತೆಗೆದುಕೊಂಡರು. ಆಮೇಲೆ, ನಲವತ್ತಾರು ವರ್ಷ ಪ್ರತಿ ತಕ್ಕಡಿಯನ್ನು ಬಿಚ್ಚುವ ಮೊದಲು ಮಾಡಿದಂತೆ, ತಮಗೇ ಅರಿವಿಲ್ಲದೆ ಕಣ್ಣು ಮುಚ್ಚಿ, “ಸ್ವಾಮೀ, ಈ ಕೆಲಸ ಸರಿಯಾಗಿ ಆಗಲಿ. ನೀನೇ ಕೈ ಹಿಡಿದು ಮಾಡಿಸು,” ಎಂದುಬಿಟ್ಟರು.

ಕಣ್ಣು ತೆರೆದ ಮೇಲೆ ಏನು ಮಾಡಿದೆನೆಂದು ಗೊತ್ತಾಯಿತು. ಆದರೆ ಮಾತು ದೇವರ ಬಳಿಗೆ ಹೋಗಿಯಾಗಿತ್ತು. ಅಂಚೆಯವನ ಕೈಯಿಂದಾದರೂ ಕಾಗದ ವಾಪಸು ಪಡೆಯಬಹುದು, ಇದನ್ನು ಪಡೆಯುವಂತಿಲ್ಲ. ತಾತ ತರಕಾರಿ ಹೆಚ್ಚಿದರು. ತುಂಡುಗಳೆಲ್ಲ ಒಂದೇ ಅಳತೆಗೆ ಬಂದವು. ಹಾಳಾಗಲೆಂದು ಉರಿ ದೊಡ್ಡದು ಮಾಡಲು ಹೋದರು. ಗುಂಡಿ ಸಿಕ್ಕಿಕೊಂಡು ಸಣ್ಣ ಉರಿಯಲ್ಲೇ ನಿಂತಿತು. ಹೆಂಡತಿ ಹೀಗೆಯೇ ಸಣ್ಣ ಉರಿಯಲ್ಲಿಟ್ಟು, ಮುಚ್ಚಳ ಓರೆ ಮಾಡಿ, ಮೂಗಿನಿಂದಲೇ ರುಚಿ ನೋಡುತ್ತಿದ್ದಳು. ತಾತ ಆಗ ಪತ್ರಿಕೆ ಓದುತ್ತಾ, “ಇನ್ನೂ ಆಗಲಿಲ್ವೇನೇ?” ಎನ್ನುತ್ತಿದ್ದರು. ಈಗ ತಾವೇ ಮುಚ್ಚಳ ಓರೆ ಮಾಡಿದರು. ಮೇಲೆ ಬಂದ ಹಬೆಯಲ್ಲಿ ಒಂದು ಗಳಿಗೆ ಸುಮ್ಮನೆ ಮುಖ ಇಟ್ಟುಕೊಂಡು ನಿಂತರು.

ಕೊನೆಗೆ ಉಪ್ಪು. ಪೊಟ್ಟಣ ಎತ್ತಿದರು. ಎದುರುಗಡೆಯಿಂದ ಕ್ಷೌರದ ಮುದುಕ ಹುಬ್ಬು ಹಾರಿಸಿದ. ಕೈ ಹಿಡಿ ಎಂದು ದೇವರನ್ನು ಕರೆದು, ಅವನು ಬಂದು ಹಿಡಿದುಕೊಂಡ ಮೇಲೆ ಆ ಕೈಯನ್ನೇ ಕೊಡವಿಹಾಕುವುದು ಹೇಗೆ? ಮೂರು ಬೆರಳಿಗೆ ಬಂದಷ್ಟು ಉಪ್ಪು ಹಾಕಿ ಪೊಟ್ಟಣ ಮಡಿಸಿಟ್ಟರು.

ತರಬೇತುದಾರ ಒಂದೊಂದೇ ಪಾತ್ರೆಯ ರುಚಿ ನೋಡುತ್ತಾ ಬಂದ. ಏಳನೆಯ ಪಾತ್ರೆಯ ಹೊತ್ತಿಗೆ ಅವನ ಮುಖ ಕರುಣಾಜನಕವಾಗಿತ್ತು. ಒಬ್ಬನ ಪಾತ್ರೆಯಲ್ಲಿ ಸಾಬೂನಿನ ನೊರೆ ಇತ್ತು. ಬಸ್ಸಿನವನ ಸೂಪಿನಲ್ಲಿ ಇಡೀ ಈರುಳ್ಳಿಯೊಂದು ತಣ್ಣೀರಿನಲ್ಲಿ ಈಜುತ್ತಿತ್ತು. ತಕ್ಕಡಿ ತಾತನ ಪಾತ್ರೆಗೆ ಬಂದು ಹೆದರುತ್ತಾ ಒಂದು ಚಮಚ ಬಾಯಿಗಿಟ್ಟ. ಇನ್ನೊಂದು ಚಮಚ ಕುಡಿದ. ಆಮೇಲೆ ಬಟ್ಟಲು ತಂದ. ಆ ದಿನ ಅವನ ತಾಯಿ ಕಟ್ಟಿದ ಡಬ್ಬಿ ಬಿಚ್ಚಲೇ ಇಲ್ಲ.

“ಪಾಸ್!” ಎಂದು ಕೂಗಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಒಬ್ಬನಾದರೂ ಪಾಸಾಗದಿದ್ದರೆ ಅವನ ಕೆಲಸವೂ ಹೋಗುತ್ತಿತ್ತು.

ಬೀದಿಗೆ ಬಂದ ಮೇಲೆ ಒಂಬತ್ತು ಮುದುಕರೂ ತಾತನಿಂದ ದೂರ ದೂರವೇ ನಡೆದರು. ಕ್ಷೌರದ ಮುದುಕ ಒಬ್ಬನೇ ಬಳಿಗೆ ಬಂದ.

“ನಾಚಿಕೆ ಆಗಲ್ವೇನಯ್ಯ ನಿನಗೆ? ಸೂಪು ಮಾಡೋಕೆ ಬರುತ್ತಂತೆ, ಸೂಪು!”

“ನಾನು ಮಾಡಿದ್ದಲ್ಲಪ್ಪ.”

“ಮತ್ತೆ ನಿಮ್ಮಪ್ಪ ಬಂದು ಮಾಡಿದ್ನಾ?”

ಮಾರನೆಯ ದಿನ ವ್ಯಾನಿನವಳು ಡಬ್ಬಿ ಇಟ್ಟಳು, ಕೂರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಿಮ್ಮ ಕೈಲಿ ಆಗುತ್ತಲ್ಲ ತಾತ, ಅದೇ ಸಂತೋಷ. ಶುಕ್ರವಾರ ಕೊನೇ ಊಟ,” ಎಂದು ಹೇಳಿ, ಖಾಲಿ ಡಬ್ಬಿ ತೆಗೆದುಕೊಂಡು ಹೋದಳು. ತಾತ ಆ ಹತ್ತು ನಿಮಿಷ ಅವಳ ಕುರ್ಚಿಯ ಎದುರಿಗೇ ಕೂತಿದ್ದರು.

ಗುರುವಾರ ಬೆಳಿಗ್ಗೆ ಪ್ರಮಾಣಪತ್ರ ಪಡೆಯಲು ಕರೆ ಬಂತು. ತರಬೇತುದಾರ ಹೊಸ ಅಂಗಿ ತೊಟ್ಟಿದ್ದ. ಪತ್ರದ ಜೊತೆ ಒಂದು ಹೇಳಿಕೆಯಿತ್ತು. ಅದಕ್ಕೆ ಸಹಿ ಬಿದ್ದ ಮೇಲೆಯೇ ಪತ್ರ ಊರ್ಜಿತ. ತಾತ ಕನ್ನಡಕ ಏರಿಸಿ ಓದಿದರು: ‘ಈ ಅಡುಗೆಯನ್ನು ನಾನು ಯಾರ ನೆರವನ್ನೂ ಪಡೆಯದೆ ಸ್ವಂತ ಶಕ್ತಿಯಿಂದಲೇ ಮಾಡಿರುತ್ತೇನೆ.’

“ಇದಕ್ಕೆ ಸಹಿ ಹಾಕೋಕಾಗಲ್ಲಪ್ಪ. ಸುಳ್ಳು ಇದು.”

ತರಬೇತುದಾರನ ಮುಖ ಸಪ್ಪಗಾಯಿತು. “ಯಾರು ಸಹಾಯ ಮಾಡಿದ್ರು ತಾತ? ಆ ಕ್ಷೌರದ ಯಜಮಾನ್ರಾ?”

“ಅವನಾ? ಅವನಿಂದ ಕೆಡಿಸೋ ಕೆಲಸ ಮಾತ್ರ ಆಗೋದು. ದೇವರು ಮಾಡಿದ್ದು.”

“ಹೋ, ಹಾಗಾ!” ತರಬೇತುದಾರ ನಕ್ಕ. “ಅದು ಲೆಕ್ಕಕ್ಕೆ ಬರಲ್ಲ ಬಿಡಿ. ಸಹಿ ಹಾಕಿ.”

“ನಾನು ಬಾಯಿ ಬಿಟ್ಟು ಕೇಳಿದ್ದೀನಿ, ಅವನು ಮಾಡಿಸಿದ್ದಾನೆ. ಒಲೆ ಹಚ್ಚೋಕೆ ಹೋಗಿ ಪರದೆ ಹಚ್ಚಿದವನು ನಾನು. ಅಂಥಾ ಸೂಪು ನನ್ನ ಕೈಯಿಂದ ಬರುತ್ತಾ? ಲೆಕ್ಕಕ್ಕೆ ಬರಲ್ಲ ಅಂತೀರಲ್ಲ, ಅದನ್ನೇ ಬರೆದುಕೊಡಿ. ‘ದೇವರ ಸಹಾಯ ಸಹಾಯವಲ್ಲ’ ಅಂತ ಬರೆದು, ನೀವು ಮೊದಲು ಸಹಿ ಹಾಕಿ. ಆಮೇಲೆ ನಾನು ಹಾಕ್ತೀನಿ.”

ತರಬೇತುದಾರ ಪೆನ್ನು ತೆಗೆದ. ಅವನ ಕೆಲಸ ಖಾಯಂ ಆಗಲೆಂದು ಅವನ ತಾಯಿ ವಾರಕ್ಕೆರಡು ದಿನ ಉಪವಾಸವಿದ್ದು ಪ್ರಾರ್ಥನೆ ಮಾಡುತ್ತಿದ್ದಳು. ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದ. “ಸಾಹೇಬ್ರನ್ನ ಕೇಳ್ಕೊಂಡು ಬರ್ತೀನಿ.”

ಸಾಹೇಬರು ಒಳಗಿನ ಕೋಣೆಯಲ್ಲಿ ಕೂಗಿದ್ದು ಹೊರಗೆ ಕೇಳಿಸಿತು. “ನಾನು ಬರೆದು ಕೊಡೋದಾ? ಮುಂದಿನ ತಿಂಗಳು ನನಗೆ ಆಪರೇಷನ್ ಇದೆ ಕಣಯ್ಯ! ಮೇಲಕ್ಕೆ ಕಳಿಸು!”

ಹೀಗೆ ತಾತನ ಸೂಪು ಕಡತವಾಯಿತು. ಮೇಲಿನವರು ಅದಕ್ಕೂ ಮೇಲಿನವರಿಗೆ ಕಳಿಸಿದರು. ದೇವರು ಸಹಾಯ ಮಾಡಲಿಲ್ಲವೆಂದು ಬರೆದರೆ ಜನ ಬಿಡುವುದಿಲ್ಲ. ಮಾಡಿದನೆಂದು ಬರೆದರೆ ನಾಳೆ ನಾಡಿನ ಯಾವ ಮುದುಕನನ್ನೂ ಸ್ವಾವಲಂಬಿ ಎನ್ನುವಂತಿಲ್ಲ. ಇಲಾಖೆ ಹುಟ್ಟಿದಾಗಿನಿಂದ ಇಷ್ಟು ಗೌರವದಿಂದ ಯಾವ ಕಡತವನ್ನೂ ಯಾರೂ ಮುಟ್ಟಿರಲಿಲ್ಲ. ಶುಕ್ರವಾರ ಸಂಜೆಗೆ ಒಂದು ಸಾಲಿನ ಆದೇಶ ಬಂತು: ಅಂತಿಮ ತೀರ್ಮಾನವಾಗುವವರೆಗೆ ಹತ್ತು ಜನಕ್ಕೂ ಹಿಂದಿನಂತೆಯೇ ಊಟ.

“ನಿನ್ನ ದೇವರು ಪರವಾಗಿಲ್ಲ ಕಣಯ್ಯ,” ಎಂದ ಕ್ಷೌರದ ಮುದುಕ. “ಒಳ್ಳೇ ಉಪಾಯ ಹೇಳಿಕೊಟ್ಟ.”

“ಉಪಾಯ ಅಲ್ಲ. ನಾನು ನಿಜ ಹೇಳಿದೆ.”

“ಅದೇ ನೋಡು. ಅವರಿಗೆ ಅದರ ಅಭ್ಯಾಸ ಇಲ್ಲ.”

ಎರಡು ವಾರವಾದ ಮೇಲೆ, ವ್ಯಾನಿನವಳು ಕುರ್ಚಿ ಎಳೆದುಕೊಂಡು ಕೂರುವ ಹೊತ್ತಿಗೆ ಸರಿಯಾಗಿ ತರಬೇತುದಾರ ಬಾಗಿಲಲ್ಲಿ ನಿಂತ. ಮುಖ ಬಾಡಿತ್ತು. ಎಲ್ಲಕ್ಕಿಂತ ಮೇಲಿನ ಕಚೇರಿಯಿಂದ ಬಂದ ಕಾಗದವನ್ನು ಓದಿದ: ‘ನೆರವು ನೀಡಿದರೆನ್ನಲಾದವರ ಹೇಳಿಕೆಯನ್ನು ಪಡೆದು ಲಗತ್ತಿಸತಕ್ಕದ್ದು.’

ವ್ಯಾನಿನವಳು ಸೆರಗು ಬಾಯಿಗೆ ಒತ್ತಿಕೊಂಡಳು.

“ನಗಬೇಡಿ ಅಕ್ಕ. ನಾನೇನು ಮಾಡ್ಲಿ? ತಾತ, ನೀವಾದ್ರೂ ಹೇಳಿ. ಹೇಳಿಕೆ ಎಲ್ಲಿಂದ ತರಲಿ?”

ತಾತ ನಗಲಿಲ್ಲ. “ನಾನೂ ಅವನನ್ನ ಒಂದು ಮಾತು ಕೇಳಿದ್ದೀನಿ. ನನ್ನ ಹೆಂಡತಿಗಿಂತ ಏಳು ವರ್ಷ ದೊಡ್ಡವನು ನಾನು. ನನ್ನನ್ನ ಬಿಟ್ಟು ಅವಳನ್ನ ಯಾಕೆ ಮೊದಲು ಕರ್ಕೊಂಡೆ ಅಂತ. ಎಂಟು ಕಳೆದು ಒಂಬತ್ತು ತಿಂಗಳಾಯ್ತು, ಉತ್ತರ ಇಲ್ಲ. ಸಾಲಲ್ಲಿ ನನ್ನ ಹಿಂದೆ ನಿಂತ್ಕೊಳ್ಳಿ ನೀವು.”

ತರಬೇತುದಾರ ಕಾಗದ ಮಡಿಸಿ ಜೇಬಿಗಿಟ್ಟ. ಆಮೇಲೆ ವ್ಯಾನಿನವಳು ಎದ್ದು ಒಂದು ತಟ್ಟೆ ತೊಳೆದು ತಂದು, ತಾತನ ಡಬ್ಬಿಯಿಂದಲೇ ಅರ್ಧ ತೋಡಿ ತರಬೇತುದಾರನ ಮುಂದಿಟ್ಟಳು.

“ತಿನ್ನಿ ಸಾರ್. ಹೇಳಿಕೆ ಬರೋವರೆಗೂ ಹಸ್ಕೊಂಡಿರೋಕಾಗುತ್ತಾ?”