ಅಂಗಡಿಯಿಂದ ತಂದ ಸ್ಯಾಂಪಲ್

ತಿರುಪಕ್ಕ ಎಂಬುದು ಅವಳ ನಿಜವಾದ ಹೆಸರಲ್ಲ. ಸ್ಕ್ರೂವಿಗೆ ತಿರುಪು ಎನ್ನುವ ಹಳೆಯ ಮಾತು ಅವಳ ಬಾಯಲ್ಲಿ ಇನ್ನೂ ಉಳಿದಿತ್ತು. ಅದಕ್ಕೇ ಪ್ರಯೋಗಾಲಯದ ಕಿರಿಯರು ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ಹೊಸ ಮಾದರಿಯ ಲ್ಯಾಪ್‌ಟಾಪನ್ನು ಮಾರಾಟಕ್ಕೆ ಬಿಡುವ ಮುಂಚೆ ಕಂಪನಿಯವರು ಒಂದು ಸ್ಯಾಂಪಲ್ ಕಳಿಸುತ್ತಾರೆ. ಅದನ್ನು ಮೇಜಿನ ಮೇಲಿಟ್ಟು, ಗಡಿಯಾರ ಒತ್ತಿ, ಯಾವ ಅಂಗಡಿಯಲ್ಲಾದರೂ ಸಿಗುವ ಸ್ಕ್ರೂಡ್ರೈವರಿನಿಂದ ಬಿಚ್ಚಬೇಕು. ಇಪ್ಪತ್ತು ನಿಮಿಷದೊಳಗೆ ಬ್ಯಾಟರಿ, ಕೀಬೋರ್ಡು, ಮೆಮೊರಿ ಮೂರೂ ಮುರಿಯದೆ ಹೊರಬಂದರೆ ಹಸಿರು ಎಲೆಯ ಗುರುತು. ಕೆಟ್ಟರೆ ರಿಪೇರಿ ಆಗುತ್ತದೆ, ಆಯಸ್ಸು ಮುಗಿದ ಮೇಲೆ ಬಿಡಿಬಿಡಿಯಾಗಿ ಮರುಬಳಕೆಗೆ ಹೋಗುತ್ತದೆ ಎಂದು ಆ ಎಲೆಯ ಅರ್ಥ. ವರದಿಯ ಕೆಳಗೆ ಅವಳ ಸಹಿ.

ಆ ಸಹಿಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ. ಅತ್ತಿಗೆ ಲ್ಯಾಪ್‌ಟಾಪ್ ಕೊಳ್ಳುವಾಗ, ಎಲೆ ಇರುವುದನ್ನೇ ತಗೊಳ್ಳಿ, ಅದನ್ನು ನಾನೇ ಬಿಚ್ಚಿ ನೋಡಿದ್ದೇನೆ ಎಂದು ಎದೆ ತಟ್ಟಿ ಹೇಳಿದ್ದಳು. ಅತ್ತಿಗೆ ಮನೆಯಲ್ಲೇ ಕೂತು ದಾಖಲೆಪತ್ರಗಳ ಅನುವಾದ ಮಾಡುವವಳು. ಎರಡು ವರ್ಷ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ಬ್ಯಾಟರಿ ಹೊಟ್ಟೆ ಉಬ್ಬರಿಸಿಕೊಂಡು, ಬೆರಳಾಡಿಸುವ ಟಚ್‌ಪ್ಯಾಡು ಮೇಲೆದ್ದು ನಿಂತಿತು. ಸರ್ವಿಸ್ ಸೆಂಟರಿನವರು ಬ್ಯಾಟರಿ ಒಂದನ್ನೇ ಹಾಕಲು ಬರುವುದಿಲ್ಲ, ಹೊಸದನ್ನೇ ತಗೊಳ್ಳಿ, ಹಳೆಯದನ್ನು ಪರಿಸರಕ್ಕೆ ತೊಂದರೆಯಾಗದಂತೆ ನಾವೇ ವಿಲೇವಾರಿ ಮಾಡುತ್ತೇವೆ ಎಂದರಂತೆ. ಅದನ್ನು ಕೇಳಿ ತಿರುಪಕ್ಕ ನಕ್ಕಳು. ಹತ್ತು ನಿಮಿಷದ ಕೆಲಸ, ಭಾನುವಾರ ಬರುತ್ತೇನೆ ಎಂದಳು.

ಭಾನುವಾರ ಮಧ್ಯಾಹ್ನ ಅಣ್ಣ ಊಟದ ಮೇಜು ಒರೆಸಿಕೊಟ್ಟ. ಎಂಟು ತಿರುಪು ಬಿಚ್ಚಿದ್ದಾಯಿತು, ಅಡಿಯ ಹಲಗೆ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಂಚಿಗೆಲ್ಲ ಅಂಟು ಬಳಿದಿದ್ದರು. ಕೂದಲು ಒಣಗಿಸುವ ಯಂತ್ರದಿಂದ ಮತ್ತೆ ಮತ್ತೆ ಬಿಸಿ ಮಾಡಿ, ಅಂತೂ ಎಬ್ಬಿಸಿದಳು. ಬಗ್ಗಿ ಒಳಗೆ ನೋಡಿದಳು. ಅವಳು ಪರೀಕ್ಷಿಸಿದ ಸ್ಯಾಂಪಲ್ಲಿನಲ್ಲಿ ಬ್ಯಾಟರಿಯನ್ನು ನಾಲ್ಕು ತಿರುಪು ಹಿಡಿದಿದ್ದವು. ಇಲ್ಲಿ ತಿರುಪಿರಲಿ, ತಿರುಪಿನ ತೂತೂ ಇರಲಿಲ್ಲ. ಬ್ಯಾಟರಿಯನ್ನು ಕೀಬೋರ್ಡಿನ ಬೆನ್ನಿಗೆ ಅಂಟಿಸಿದ್ದರು. ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದರು.

ಅತ್ತಿಗೆ ಪಕ್ಕದಲ್ಲೇ ನಿಂತಿದ್ದಳು. ಕೊಂಕಿಲ್ಲದೆ, ತಿಳಿದುಕೊಳ್ಳಲೆಂದೇ ಕೇಳಿದಳು:

"ಇದಕ್ಕೆ ನಿನ್ನ ಸಹಿ ಇತ್ತಲ್ಲವೇನೇ?"

ತಿರುಪಕ್ಕನ ಕಿವಿ ಬಿಸಿಯಾಯಿತು. ಉಬ್ಬಿದ ಬ್ಯಾಟರಿಯನ್ನು ಹಾಗೇ ಬಿಡುವಂತಿರಲಿಲ್ಲ. ಸ್ಪಿರಿಟ್ ಹನಿಸಿ, ಗಟ್ಟಿ ದಾರವನ್ನು ಗರಗಸದಂತೆ ಆಡಿಸಿ, ಸಂಜೆಯ ಹೊತ್ತಿಗೆ ಅದನ್ನು ಕಿತ್ತಳು. ಜೊತೆಗೆ ಕೀಬೋರ್ಡೂ ಹಾಳಾಯಿತು. ಅಂದಿನಿಂದ ಅತ್ತಿಗೆ ಬೇರೆ ಕೀಬೋರ್ಡು ಸಿಕ್ಕಿಸಿಕೊಂಡು, ಬ್ಯಾಟರಿಯಿಲ್ಲದೆ ಚಾರ್ಜರಿನ ವೈರನ್ನು ಗೋಡೆಗೆ ಚುಚ್ಚಿಕೊಂಡೇ ಕೆಲಸ ಮಾಡಬೇಕಾಯಿತು.

ಮರುದಿನ ಉಗ್ರಾಣದಿಂದ ಆ ಮಾದರಿಯ ಹಳೆಯ ಸ್ಯಾಂಪಲ್ ತೆಗೆಸಿ ನೋಡಿದಳು. ಅದೇ ನಂಬರು, ಅದೇ ಎಲೆ, ಒಳಗೆ ನಾಲ್ಕು ತಿರುಪು. ತನಗೊಂದು, ಊರಿಗೊಂದು ಮಾಡಿದ್ದರು. ಎರಡು ವರ್ಷದಿಂದ ಎಷ್ಟು ಮನೆಗಳಲ್ಲಿ ತನ್ನ ಸಹಿ ನಂಬಿ ಈ ಡಬ್ಬ ತಂದಿಟ್ಟುಕೊಂಡಿದ್ದಾರೋ ಎಂದು ನೆನೆದು ಮೈಯೆಲ್ಲ ಉರಿಯಿತು. ಎರಡರ ಫೋಟೋವನ್ನೂ ಮುಖ್ಯಸ್ಥರ ಮುಂದಿಟ್ಟಳು.

ಮುಖ್ಯಸ್ಥರು ಯಾರ ಮನಸ್ಸನ್ನೂ ನೋಯಿಸದ ಮನುಷ್ಯ, ಹಾಗಾಗಿ ಯಾವ ಕೆಲಸವೂ ಅವರಿಂದ ಆಗುತ್ತಿರಲಿಲ್ಲ. ನಾವು ಸರ್ಟಿಫಿಕೇಟ್ ಕೊಟ್ಟಿದ್ದು ಅವರು ಕಳಿಸಿದ ಸ್ಯಾಂಪಲ್ಲಿಗೆ, ಅದು ಸರಿಯಾಗಿಯೇ ಇತ್ತಲ್ಲ ಎಂದರು.

"ಜನ ಕೊಳ್ಳೋದು ಅವರು ಕಳಿಸಿದ್ದನ್ನಲ್ಲ ಸರ್, ಅಂಗಡೀಲಿ ಇರೋದನ್ನ," ಎಂದಳು ತಿರುಪಕ್ಕ.

ಎರಡು ವಾರಕ್ಕೆ ಆ ಮಾದರಿಯ ಸರ್ಟಿಫಿಕೇಟಿನ ನವೀಕರಣ ಇತ್ತು. ಬೇಕಿದ್ದರೆ ಅಂಗಡಿಯಿಂದಲೂ ಸ್ಯಾಂಪಲ್ ತರಿಸಬಹುದೆಂದು ನಿಯಮದ ಪುಸ್ತಕದಲ್ಲಿ ಒಂದು ಸಾಲಿತ್ತು. ಅದನ್ನು ಇದುವರೆಗೆ ಯಾರೂ ಬಳಸಿರಲಿಲ್ಲ. ಅವಳು ಆ ಪುಟ ತೆರೆದು ತೋರಿಸಿದಾಗ ಮುಖ್ಯಸ್ಥರು ಕತ್ತು ಕೆರೆದುಕೊಂಡು ಸಹಿ ಹಾಕಿದರು. ಅವಳೇ ಹೋಗಿ, ಪೇಟೆಯ ಅಂಗಡಿಯ ರಾಶಿಯಲ್ಲಿ ನಡುವಿನದೊಂದು ಪೆಟ್ಟಿಗೆ ಆರಿಸಿ, ಸೀಲು ಒಡೆಯದೆ ತಂದಿಟ್ಟಳು.

ನವೀಕರಣದ ದಿನ ಕಂಪನಿಯ ಪ್ರತಿನಿಧಿ ಬಂದ. ಕೋಟಿಗೆ ಎಲೆಯ ಆಕಾರದ ಬಿಲ್ಲೆ, ಕೈಯಲ್ಲಿ ತಮ್ಮದೇ ಸ್ಯಾಂಪಲ್ಲು. ತಿರುಪಕ್ಕ ಅದನ್ನು ಪಕ್ಕಕ್ಕಿಟ್ಟು, ಅಂಗಡಿಯ ಪೆಟ್ಟಿಗೆಯ ಸೀಲು ಅವನ ಕೈಯಲ್ಲೇ ಒಡೆಸಿದಳು. ಆಮೇಲೆ ಸ್ಕ್ರೂಡ್ರೈವರನ್ನು ಅವನತ್ತ ಚಾಚಿದಳು.

"ನಾನು ಮಾಡಿದರೆ ಕೈ ಒರಟು ಅಂದೀರಿ. ನಿಮ್ಮದೇ ಮಾಲು, ನೀವೇ ಬಿಚ್ಚಿ."

ಅವನು ಮುಖ್ಯಸ್ಥರ ಮುಖ ನೋಡಿದ, ಮುಖ್ಯಸ್ಥರು ಕಿಟಕಿ ನೋಡಿದರು. ಅವಳು ಗಡಿಯಾರ ಒತ್ತಿದಳು. ಎಂಟು ತಿರುಪು ಸಲೀಸಾಗಿ ಬಂದವು. ಆಮೇಲೆ ಅವನು ಉಗುರಿನಿಂದ ಮೀಟಿದ, ಬೀಗದ ಕೈಯಿಂದ ಮೀಟಿದ, ಕೋಟು ಕಳಚಿಟ್ಟು ಮತ್ತೆ ಮೀಟಿದ. ಹನ್ನೆರಡನೇ ನಿಮಿಷಕ್ಕೆ ಹಲಗೆಯ ಮೂಲೆ ಲಟಕ್ಕೆಂದು ಮುರಿಯಿತು. ಗ್ರಾಹಕರಿಗೆ ತೆಳ್ಳಗಿರುವುದೇ ಬೇಕು ಮೇಡಂ, ತೆಳ್ಳಗಾಗಬೇಕಾದರೆ ಅಂಟಿಸಲೇಬೇಕು ಎಂದು ಬೆವರೊರೆಸಿಕೊಂಡ.

"ಅಂಟಿಸಿ, ಮಾರಿ, ಯಾರು ಬೇಡ ಅಂದರು? ಎಲೆ ಹಚ್ಚಬೇಡಿ. ಅದು ತೆಳ್ಳಗಿದೆ ಅಂತ ಕೊಟ್ಟದ್ದಲ್ಲ, ಬಿಚ್ಚೋಕೆ ಬರುತ್ತೆ ಅಂತ ನಾನು ಕೊಟ್ಟದ್ದು. ನನ್ನ ಸಹಿ ತಗೊಂಡು ಜನರ ಕಣ್ಣಿಗೆ ಮಣ್ಣೆರಚಿದಿರಿ." ದನಿ ಏರಿಸದೆಯೇ ವರದಿಯ ಹಾಳೆ ಎಳೆದುಕೊಂಡಳು. ಅವರಿಬ್ಬರ ಮುಂದೆಯೇ ಅನುತ್ತೀರ್ಣ ಎಂದು ಬರೆದು ಸಹಿ ಹಾಕಿದಳು.

ಆ ಮಾದರಿಯ ಎಲೆ ಹೋಯಿತು. ಕಿರಿಯರು ಚಹಾ ತರಿಸಿದರು. ಸಂಭ್ರಮ ಒಂದು ತಿಂಗಳೂ ಬಾಳಲಿಲ್ಲ. ನಂಬರಿನ ಕೊನೆಗೆ ಒಂದು ಅಕ್ಷರ ಸೇರಿಸಿ, ಅದೇ ಡಬ್ಬವನ್ನು ಹೊಸ ಮಾದರಿಯೆಂದು ಕಂಪನಿ ಕಳಿಸಿತು. ಅದರ ಸ್ಯಾಂಪಲ್ಲೂ ನಾಲ್ಕು ತಿರುಪಿನದ್ದು. ಮುಖ್ಯಸ್ಥರು ಅದನ್ನು ಬೇರೊಬ್ಬನ ಮೇಜಿಗೆ ಕೊಟ್ಟರು, ಎಲೆ ಬಂತು. ನಿಯಮದ ಪುಸ್ತಕದ ಆ ಸಾಲಿಗೂ ಬಾಲ ಬಂತು: ಅಂಗಡಿಯಿಂದ ತರಿಸುವ ಮುಂಚೆ ಕಂಪನಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಕಳ್ಳನಿಗೆ ಹೇಳಿಕಳಿಸಿ ಮನೆ ಶೋಧಿಸಿದ ಹಾಗಾಯಿತು ಎಂದು ಅವಳು ಎಲೆಯ ನಿಯಮ ಮಾಡುವ ಮೇಲಿನ ಸಮಿತಿಗೆ ಬರೆದಳು. ತಮ್ಮ ಪತ್ರ ತಲುಪಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಅದರ ಬೆನ್ನಿಗೇ ಅವಳನ್ನು ಕೀಲು ಪರೀಕ್ಷೆಗೆ ಹಾಕಿದರು. ಯಂತ್ರವೊಂದು ಲ್ಯಾಪ್‌ಟಾಪಿನ ಮುಚ್ಚಳವನ್ನು ಇಪ್ಪತ್ತು ಸಾವಿರ ಸಲ ತೆರೆದು ಮುಚ್ಚುತ್ತದೆ, ಅವಳು ಪಕ್ಕದಲ್ಲಿ ಕೂತಿರಬೇಕು.

ಕೆಲಸ ಬಿಡಲು ಆಗುತ್ತಿರಲಿಲ್ಲ, ಸುಮ್ಮನಿರಲೂ ಆಗಲಿಲ್ಲ. ಮನೆ ಹತ್ತಿರದ ಗ್ರಂಥಾಲಯದ ಮೇಲ್ವಿಚಾರಕಿಯನ್ನು ಕೇಳಿ, ಪತ್ರಿಕೆಗಳ ಕೋಣೆಯಲ್ಲಿ ಒಂದು ಮೇಜು ಪಡೆದಳು. ಪ್ರತಿ ಶನಿವಾರ ಮಧ್ಯಾಹ್ನ ಜನ ಕೆಟ್ಟ ಲ್ಯಾಪ್‌ಟಾಪ್ ಹಿಡಿದುಕೊಂಡು ಬರತೊಡಗಿದರು. ಆಗುವುದನ್ನು ಬಿಚ್ಚಿ ಸರಿಮಾಡಿ ಕೊಡುತ್ತಿದ್ದಳು. ಆಗದ್ದರ ಮಾದರಿ, ನಂಬರು, ಎಲೆ ಇದೆಯೋ ಇಲ್ಲವೋ, ಬಿಚ್ಚಿದಾಗ ಏನಾಯಿತು, ಎಲ್ಲವನ್ನೂ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದಳು. ಕೊಳ್ಳುವ ಮುಂಚೆ ಬಂದು ಹಲಗೆ ನೋಡಿಕೊಂಡು ಹೋಗುವವರೂ ಹೆಚ್ಚಾದರು.

ಕಂಪನಿಯಿಂದ ಪ್ರಯೋಗಾಲಯಕ್ಕೆ ಆಕ್ಷೇಪಣೆ ಬಂತು. ಮುಖ್ಯಸ್ಥರು ಅವಳನ್ನು ಕರೆಸಿ, ಆ ಹಲಗೆ ಒರೆಸಿಬಿಡಮ್ಮ, ಸುಮ್ಮನೆ ಯಾಕೆ ರಗಳೆ ಎಂದು ಮೆಲ್ಲಗೆ ಹೇಳಿದರು.

"ಹಲಗೆ ಗ್ರಂಥಾಲಯದ್ದು ಸರ್, ಸೀಮೆಸುಣ್ಣ ನನ್ನದು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿದ್ದರೆ ತೋರಿಸಲಿ, ನಾನೇ ಒರೆಸ್ತೀನಿ."

ಯಾರೂ ತೋರಿಸಲು ಬರಲಿಲ್ಲ. ಮಳೆಗಾಲದ ಹೊತ್ತಿಗೆ ಹಲಗೆಯಲ್ಲಿ ಜಾಗ ಸಾಲದೆ, ಮೇಲ್ವಿಚಾರಕಿ ಇನ್ನೊಂದನ್ನು ತರಿಸಿ ಅದರ ಪಕ್ಕಕ್ಕೇ ಮೊಳೆ ಹೊಡೆಸಿದಳು.